ಗೆಲ್ಲುವವರಾರೆಂಬ ಎಣಿಕೆ

ವೈಟ್‌ಫೀಲ್ಡಿನಲ್ಲಿ ನಮಗೆ ಪರಿಚಯದ ಒಂದು ಮನೆಯಿದೆ. 2024ರ ಏಪ್ರಿಲ್ ತಿಂಗಳಿನಲ್ಲಿ ಅಲ್ಲಿ ನಡುರಾತ್ರಿಯಾದರೂ ದೀಪ ಆರುತ್ತಿರಲಿಲ್ಲ. ಕೆನಡಾದ ಟೊರಾಂಟೊ ನಗರದಲ್ಲಿ ಕ್ಯಾಂಡಿಡೇಟ್ಸ್ ಚದುರಂಗ ಪಂದ್ಯಾವಳಿ ನಡೆದಿತ್ತು. ಅಲ್ಲಿ ಮಧ್ಯಾಹ್ನ ಎರಡೂವರೆಗೆ ಆರಂಭವಾಗುವ ಆಟವು ನಮಗೆ ರಾತ್ರಿ ಹನ್ನೆರಡರ ಆಟ. ಸಾಫ್ಟ್‌ವೇರ್ ಎಂಜಿನಿಯರರಾದ ಮನೆಯ ಯಜಮಾನರು ಪ್ರತಿ ಸುತ್ತಿನ ಬಳಿಕವೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಗೆಲ್ಲುವವರಾರೆಂದು ಗೆಳೆಯರಿಗೆ ತಿಳಿಸುತ್ತಿದ್ದರು. ಹತ್ತು ವರ್ಷದ ಮಗ, ತಾನೂ ಚದುರಂಗ ಕಲಿಯುತ್ತಿದ್ದವನು, ಪಕ್ಕದಲ್ಲಿ ತೂಕಡಿಸುತ್ತ ಕುಳಿತಿರುತ್ತಿದ್ದ.

ಈ ಎಣಿಕೆ ಕಣಿ ಹೇಳುವಂತಹದಲ್ಲ, ಅದಕ್ಕೊಂದು ಶಾಸ್ತ್ರವಿದೆ. ಆರ್ಪಾಡ್ ಎಲೊ ಎಂಬ ಪ್ರಾಧ್ಯಾಪಕರು ರೂಪಿಸಿದ ರೇಟಿಂಗ್ ಪದ್ಧತಿಯನ್ನು ವಿಶ್ವ ಚದುರಂಗ ಸಂಸ್ಥೆಯು 1970ರಲ್ಲಿ ಅಂಗೀಕರಿಸಿತು. ಇಬ್ಬರು ಆಟಗಾರರ ರೇಟಿಂಗಿನ ಅಂತರದಿಂದ, ಅವರು ಹಲವು ಆಟಗಳನ್ನಾಡಿದರೆ ಯಾರಿಗೆ ಎಷ್ಟು ಅಂಕ ದೊರೆಯಬಹುದೆಂಬುದನ್ನು ಅದು ತಿಳಿಸುತ್ತದೆ. ಟೊರಾಂಟೊದಲ್ಲಿ ಆಡಿದವರು ಎಂಟು ಮಂದಿ. ತಲಾ ಹದಿನಾಲ್ಕು ಆಟ. ಅಮೆರಿಕದ ಫಾಬಿಯಾನೊ ಕರುವಾನಾರ ರೇಟಿಂಗ್ 2803. ನಮ್ಮ ನೆರೆಯ ಚೆನ್ನೈನ ಹದಿನೇಳರ ಬಾಲಕ ಡಿ. ಗುಕೇಶ್‌ರದು 2743. ಅರುವತ್ತರ ಈ ಅಂತರಕ್ಕೆ ನೂರು ಆಟಗಳಲ್ಲಿ ಹಿರಿಯನಿಗೆ ಸುಮಾರು 58 ಅಂಕ, ಕಿರಿಯನಿಗೆ 42. ಕರುವಾನಾ ಮತ್ತು ಹಿಕಾರು ನಕಮುರಾ ಇವರೇ ಮುಂದಿರುವರೆಂದು ಬಲ್ಲವರು ಹೇಳಿದರು. ಜಗತ್ತಿನ ಅಗ್ರ ಆಟಗಾರ ಮ್ಯಾಗ್ನಸ್ ಕಾರ್ಲ್‌ಸನ್ನರಂತೂ ಗುಕೇಶ್ ಗೆಲ್ಲುವುದನ್ನು ತಾವು ಊಹಿಸಲಾರೆವೆಂದರು.

ಏಳನೆಯ ಸುತ್ತಿನಲ್ಲಿ ಗುಕೇಶ್ ಅಲಿರೆಝಾ ಫಿರೌಜಾರಿಗೆ ಸೋತಾಗ ಈ ಮಾತು ನಿಜವಾಯಿತೆಂದೇ ತೋರಿತು. ಆದರೆ ಆ ಸೋಲಿನ ನಂತರವೇ ತಮಗೆ ಗೆಲ್ಲಬಲ್ಲೆನೆಂಬ ಭಾವ ಮೂಡಿತೆಂದು ಆ ಹುಡುಗ ಆಮೇಲೆ ಹೇಳಿಕೊಂಡರು. ಉಳಿದ ಏಳು ಆಟಗಳಲ್ಲಿ ಅವರು ಒಂದನ್ನೂ ಸೋಲಲಿಲ್ಲ. ಹದಿಮೂರನೆಯ ಸುತ್ತಿನಲ್ಲಿ ಅದೇ ಫಿರೌಜಾರನ್ನು ಮಣಿಸಿದರು. ಕೊನೆಯ ಸುತ್ತಿನಲ್ಲಿ ಕರುವಾನಾ ಗೆಲುವನ್ನು ಕೈಗೆ ತಂದುಕೊಂಡೂ 109 ನಡೆಗಳ ಬಳಿಕ ಡ್ರಾ ಒಪ್ಪಬೇಕಾಯಿತು. ಗುಕೇಶ್‌ಗೆ ಒಂಬತ್ತು ಅಂಕ, ಹಿಂದಿನ ಮೂವರಿಗೂ ಎಂಟೂವರೆ. ಎಣಿಕೆ ತಪ್ಪಿದ್ದು ಅರ್ಧ ಅಂಕದಿಂದ!

ಅದೇ ವರ್ಷ ಸಿಂಗಪುರದಲ್ಲಿ ವಿಶ್ವ ಪದವಿಗಾಗಿ ಗುಕೇಶ್ ಚೀನಾದ ಡಿಂಗ್ ಲಿರೆನ್‌ರನ್ನು ಎದುರಿಸಿದಾಗ ಎಣಿಕೆಯು ಮತ್ತೊಂದು ಬದಿಗೆ ವಾಲಿತು. ಹುಡುಗನು ಸುಲಭವಾಗಿ ಗೆಲ್ಲುವನೆಂದರು ಬಹುಮಂದಿ. ಮೊದಲ ಆಟವನ್ನೇ ಡಿಂಗ್ ಗೆದ್ದರು. ಹದಿಮೂರು ಆಟಗಳು ಮುಗಿದಾಗ ಇಬ್ಬರೂ ಸಮ. ಡಿಸೆಂಬರ್ 12ರಂದು ಕೊನೆಯ ಆಟದ 55ನೆಯ ನಡೆಯಲ್ಲಿ ಡಿಂಗ್ ಎಡವಿದುದರಿಂದ ಪದವಿಯು ಗುಕೇಶ್‌ಗೆ ಒಲಿಯಿತು.

ಇಷ್ಟನ್ನೂ ಕಣ್ಣಾರೆ ಕಂಡ ಆ ಯಜಮಾನರು ಮರುವರ್ಷ ಒಂದು ಕೆಲಸ ಮಾಡಿದರು. ಮಗನು ಒಂದು ಪಂದ್ಯಾವಳಿಯಲ್ಲಿ ಸಾಲಾಗಿ ನಾಲ್ಕು ಆಟ ಸೋತು ಬಂದ ಸಂಜೆ, ಅವನ ರೇಟಿಂಗಿನ ಏರಿಳಿತವನ್ನೆಲ್ಲ ಕಂಪ್ಯೂಟರಿಗೆ ಉಣಿಸಿ, ಇವನಿಂದ ಹೆಚ್ಚೇನೂ ಆಗದೆಂದು ಲೆಕ್ಕ ತೆಗೆದು, ತರಬೇತಿಯನ್ನು ನಿಲ್ಲಿಸಿಬಿಟ್ಟರು. ಮಗು ಅಳಲಿಲ್ಲ; ಮಣೆಯನ್ನು ಮಡಿಚಿ ಅಟ್ಟದ ಮೇಲಿಟ್ಟಿತು. ನಾವು ಆ ಮನೆಗೆ ಹೋದ ದಿನ ತಾಯಿ ಈ ಸಂಗತಿಯನ್ನು ಹೇಳುತ್ತ ಕಣ್ಣೊರೆಸಿಕೊಂಡರು.

ಉತ್ತರ ಬಂದುದು ಮನೆಯ ಹಿರಿಯರಿಂದ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ದುಡಿದ ಜೀವವದು. “ಮಗಾ, ಗೇಜು ಹಿಡಿಯುವುದು ಕೆಲಸ ಎಲ್ಲಿಗೆ ಬಂತೆಂದು ತಿಳಿಯುವುದಕ್ಕೆ. ಇನ್ನೂ ಲೇತಿನ ಮೇಲಿರುವುದನ್ನು ಅಳೆದು, ಅಳತೆಗೆ ಬಂದಿಲ್ಲವೆಂದು ಗುಜರಿಗೆ ಎಸೆಯುವವರುಂಟೇ?” ಎಂದರು. ಯಜಮಾನರು ತಲೆತಗ್ಗಿಸಿದರು.

ನಮ್ಮ ಶರಣರು ಪಂಚಾಂಗದ ಶುಭಾಶುಭಗಳಿಗೆ ಕಟ್ಟುಬೀಳಲಿಲ್ಲ. ಮಾಡುವ ಕಾಯಕವನ್ನು ಮನಮುಟ್ಟಿ ಮಾಡಿರೆಂದರು. ಪಂಚಾಂಗವನ್ನು ಬಿಟ್ಟ ನಾವು ಅದರ ಸ್ಥಾನದಲ್ಲಿ ಕಂಪ್ಯೂಟರನ್ನು ಕೂರಿಸಿ ಮಕ್ಕಳ ಹಣೆಬರಹ ಓದತೊಡಗಿದರೆ ಬಿಟ್ಟಂತಾದುದೇನು? ಲೆಕ್ಕವನ್ನು ನಾವು ಹಳಿಯುತ್ತಿಲ್ಲ. ನೂರಕ್ಕೆ 42 ಎಂದರೆ ಆಗದೆಂದು ಅರ್ಥವಲ್ಲ. ಲೆಕ್ಕ ಸುಳ್ಳಾಡಲಿಲ್ಲ, ಅದನ್ನು ತೀರ್ಪೆಂದು ಓದಿದವರು ನಾವು.

ನಮ್ಮ ನಾಡಿನ ನಿದರ್ಶನವೂ ಉಂಟು. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೈಸೂರಿನ ಎಂ.ಎಸ್. ತೇಜಕುಮಾರ್ ಆ ಪದವಿಯನ್ನು ಪಡೆದುದು 2017ರಲ್ಲಿ, ರೈಲ್ವೆಯ ನೌಕರಿಯಲ್ಲಿದ್ದುಕೊಂಡು, ಮೂವತ್ತೈದು ದಾಟಿದ ಮೇಲೆ. ಹದಿಹರೆಯದವರೇ ಆ ಪದವಿಗೇರುತ್ತಿರುವ ಕಾಲದಲ್ಲಿ ಯಾವ ಎಣಿಕೆ ಅವರಿಗೆ ಆಸೆ ತೋರಿಸೀತು?

ಪಂದ್ಯಾವಳಿಗಳು ಬರುತ್ತವೆ, ಯಾರು ಗೆಲ್ಲುವರೆಂದು ಮನೆಮಂದಿಯೆಲ್ಲ ಕುಳಿತು ಊಹಿಸಿರಿ, ಹಣದ ಪಣ ಮಾತ್ರ ಬೇಡ. ಊಹೆ ತಪ್ಪಿದಾಗ ಮಕ್ಕಳೊಡನೆ ನಕ್ಕುಬಿಡಿರಿ. ನಿಮ್ಮ ಮಗುವಿನ ವಿಷಯದಲ್ಲಿ ಮಾತ್ರ ಎಣಿಕೆಯನ್ನು ಬದಿಗಿಟ್ಟು ಎದುರಿಗೆ ಕುಳಿತು ಒಂದು ಆಟ ಆಡಿರಿ. ವೈಟ್‌ಫೀಲ್ಡಿನ ಆ ಮನೆಯಲ್ಲಿ ಅಟ್ಟದಿಂದ ಮಣೆಯನ್ನು ಇಳಿಸಿದವರು ಯಜಮಾನರೇ. ಮೊದಲ ಆಟದಲ್ಲಿ ಅವರೇ ಸೋತರಂತೆ.