ಔಷಧದ ತಪ್ಪಿಗೆ ವಿಧಿಯನ್ನು ದೂರುವುದೇಕೆ?

ಆಳಂದ ತಾಲೂಕಿನ ಖಜೂರಿ ಮಹಾರಾಷ್ಟ್ರದ ಗಡಿಗೆ ಸಮೀಪದ ಊರು. ಮನೆಯೊಳಗೆ ದಖನಿ, ಬೀದಿಯಲ್ಲಿ ಕನ್ನಡ, ವ್ಯಾಪಾರದಲ್ಲಿ ಮರಾಠಿ. ಕಾಯಿಲೆ ಬಿದ್ದರೆ ಒಬ್ಬರು ಆಳಂದಕ್ಕೆ, ಇನ್ನೊಬ್ಬರು ಕಲಬುರಗಿಗೆ, ಮತ್ತೊಬ್ಬರು ಗಡಿಯಾಚೆಯ ಉಮರ್ಗಾ ಅಥವಾ ಸೊಲ್ಲಾಪುರಕ್ಕೆ ಹೋಗುತ್ತಾರೆ. ಆದರೆ ಮರಳುವಾಗ ಕೈಯಲ್ಲಿರುವ ಔಷಧ ಚೀಟಿ ಈ ಮೂರು ಭಾಷೆಗಳಲ್ಲಿ ಯಾವುದರದ್ದೂ ಅಲ್ಲ. ಅದು ಇಂಗ್ಲಿಷಿನದು. ಅದೂ ಇಂಗ್ಲಿಷ್ ಬಲ್ಲವನಿಗೂ ಓದಲಾಗದ ಇಂಗ್ಲಿಷ್.

ರಕ್ತದೊತ್ತಡವಿರುವ ವೃದ್ಧೆಗೆ ಕಲಬುರಗಿಯ ವೈದ್ಯರು ಒಂದು ಹೆಸರಿನ ಮಾತ್ರೆ ಬರೆಯುತ್ತಾರೆ, ಸೊಲ್ಲಾಪುರದ ವೈದ್ಯರು ಇನ್ನೊಂದು ಹೆಸರಿನದನ್ನು ಬರೆಯುತ್ತಾರೆ. ಪೊಟ್ಟಣದ ಬಣ್ಣ ಬೇರೆ, ಕಂಪೆನಿ ಬೇರೆ, ಒಳಗಿರುವ ಔಷಧ ಮಾತ್ರ ಒಂದೇ. ಆಕೆ ಎರಡನ್ನೂ ನುಂಗಿ ತಲೆಸುತ್ತಿ ಬೀಳುತ್ತಾಳೆ. ಮಗುವಿನ ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಹನಿಗಳಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಔಷಧವಿರುತ್ತದೆ. ಸಿರಪ್ಪಿನಲ್ಲಿ ಐದು ಮಿಲಿಲೀಟರಿಗೆ 125 ಮಿಲಿಗ್ರಾಂ. ಸಿರಪ್ಪಿನ ಚಮಚದಲ್ಲಿ ಹನಿಯ ಔಷಧ ಅಳೆದು ಕೊಟ್ಟರೆ ಮಗುವಿನ ಹೊಟ್ಟೆಗೆ ನಾಲ್ಕು ಪಟ್ಟು ಔಷಧ ಹೋಗುತ್ತದೆ. ಸಂಧಿವಾತಕ್ಕೆ ವಾರಕ್ಕೊಮ್ಮೆ ನುಂಗಬೇಕಾದ ಮೆಥೊಟ್ರೆಕ್ಸೇಟನ್ನು ದಿನವೂ ನುಂಗಿ ಪ್ರಾಣ ಕಳೆದುಕೊಂಡವರು ಲೋಕದ ನಾನಾ ಕಡೆ ಇದ್ದಾರೆ.

ಇಂಥ ಸಾವು ಸಂಭವಿಸಿದಾಗ ನಾವು ಏನು ಮಾಡುತ್ತೇವೆ? ಅಲ್ಲಾಹನ ವಿಧಿ ಎಂದು ಹೇಳಿ ದಫನ ಮಾಡಿ ಬರುತ್ತೇವೆ. ವಿಧಿಯಲ್ಲಿ ನಮಗೆ ಸಂಪೂರ್ಣ ವಿಶ್ವಾಸವಿದೆ. ಆದರೆ ಮೊದಲು ಒಂಟೆಯನ್ನು ಕಟ್ಟಿ ಹಾಕಿ, ಬಳಿಕ ಅಲ್ಲಾಹನಲ್ಲಿ ಭರವಸೆಯಿಡಲು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳಿಗೆ, ಕಟ್ಟದ ಒಂಟೆಯ ಹೊಣೆಯನ್ನು ವಿಧಿಯ ಹೆಗಲಿಗೆ ಹಾಕುವ ಹಕ್ಕು ಎಲ್ಲಿಂದ ಬಂತು? ವೈದ್ಯವಿದ್ಯೆ ತಿಳಿಯದೆ ಚಿಕಿತ್ಸೆಗಿಳಿದವನು ಹಾನಿಗೆ ಹೊಣೆಗಾರನೆಂದು ಹದೀಸ್ ಸ್ಪಷ್ಟಪಡಿಸಿದೆ. ಕ್ರಿ.ಶ. 931ರಲ್ಲಿ ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ಒಬ್ಬ ರೋಗಿ ಸತ್ತ ಸುದ್ದಿ ಖಲೀಫ ಮುಕ್ತದಿರ್‌ಗೆ ತಲುಪಿತು. ಆತ ಅದನ್ನು ವಿಧಿಯೆಂದು ಬಿಡಲಿಲ್ಲ. ಸಿನಾನ್ ಇಬ್ನ್ ಸಾಬಿತ್‌ರ ಪರೀಕ್ಷೆಯಲ್ಲಿ ತೇರ್ಗಡೆಯಾಗದವರು ಚಿಕಿತ್ಸೆ ನೀಡಕೂಡದೆಂದು ಆಜ್ಞಾಪಿಸಿದ. ಎಂಟುನೂರಕ್ಕೂ ಹೆಚ್ಚು ವೈದ್ಯರು ಪರೀಕ್ಷೆಗೆ ಹಾಜರಾಗಬೇಕಾಯಿತೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಇಬ್ನ್ ಸೀನಾರ ಹೆಸರು ಹೇಳಿ ವೇದಿಕೆಯಲ್ಲಿ ಚಪ್ಪಾಳೆ ಗಿಟ್ಟಿಸುವ ನಾವು, ಒಂದು ಸಾವಿನಿಂದ ಒಂದು ವ್ಯವಸ್ಥೆಯನ್ನೇ ಕಟ್ಟಿದ ಆ ಪರಂಪರೆಯನ್ನು ಮರೆತದ್ದೇಕೆ?

ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ, ಔಷಧಗಳಿಂದಾಗುವ ತಪ್ಪಿಸಬಹುದಾದ ಗಂಭೀರ ಹಾನಿಯನ್ನು ಐದು ವರ್ಷಗಳಲ್ಲಿ ಅರ್ಧಕ್ಕಿಳಿಸುವ ಜಾಗತಿಕ ಅಭಿಯಾನ ಆರಂಭಿಸಿತು. ಔಷಧ ತಪ್ಪುಗಳಿಂದ ಜಗತ್ತಿಗಾಗುವ ವಾರ್ಷಿಕ ನಷ್ಟ 42 ಶತಕೋಟಿ ಡಾಲರ್ ಎಂದು ಅದು ಅಂದಾಜಿಸಿತ್ತು. ನಮ್ಮ ದೇಶದಲ್ಲಿಯೂ ವೈದ್ಯರು ಔಷಧದ ಮೂಲ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂಬ ನಿಯಮವನ್ನು ವೈದ್ಯಕೀಯ ಪರಿಷತ್ತು 2016ರಲ್ಲಿಯೇ ತಂದಿತ್ತು. ನಿಯಮ ಕಾಗದದಲ್ಲಿ ಉಳಿಯಿತು, ಗೀಚು ಚೀಟಿಯಲ್ಲಿ ಉಳಿಯಿತು.

ದೌರ್ಭಾಗ್ಯವೆಂದರೆ, ನಮ್ಮ ಸಮುದಾಯದಲ್ಲಿ ಆಸ್ಪತ್ರೆಯೆಂದರೆ ಕಟ್ಟಡ. ಶಿಲಾನ್ಯಾಸಕ್ಕೆ ಮಂತ್ರಿಗಳು, ಆಂಬುಲೆನ್ಸ್ ಹಸ್ತಾಂತರಕ್ಕೆ ಫೋಟೋ, ದಾನಿಗಳ ಹೆಸರಿಗೆ ಅಮೃತಶಿಲೆ. ಔಷಧ ವಿತರಿಸುವ ಕಿಟಕಿಯ ಹಿಂದೆ ಕುಳಿತವನು ತರಬೇತಿ ಪಡೆದವನೇ ಎಂದು ಕೇಳುವವರು ಯಾರು? ಸರಕಾರದ ಕಥೆಯೂ ಬೇರೆಯಲ್ಲ. 371(ಜೆ) ವಿಧಿಯ ಹೆಸರಿನಲ್ಲಿ ಮತ ಕೇಳುವವರು ಎಷ್ಟು ಕೋಟಿ ಬಂತೆಂದು ಹೇಳುತ್ತಾರೆ. ಗಡಿಯ ಹಳ್ಳಿಯ ರೋಗಿಗೆ ಸರಿಯಾದ ಮಾತ್ರೆ ಸರಿಯಾದ ಪ್ರಮಾಣದಲ್ಲಿ ತಲುಪಿತೇ ಎಂದು ಹೇಳುವುದಿಲ್ಲ.

ಇದಕ್ಕೆ ಕೋಟಿಗಳು ಬೇಕಾಗಿಲ್ಲ, ಯೋಜನೆ ಬೇಕು. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು 1990ರ ದಶಕದಲ್ಲಿಯೇ ಔಷಧ ತಜ್ಞರನ್ನು ವಾರ್ಡಿಗೆ, ರೋಗಿಯ ಹಾಸಿಗೆಯ ಬಳಿಗೆ ಕಳುಹಿಸುವ ಶಿಕ್ಷಣಕ್ಕೆ ನಾಂದಿ ಹಾಡಿತು. 2008ರಿಂದ ಫಾರ್ಮ್.ಡಿ. ಎಂಬ ಆರು ವರ್ಷಗಳ ಪದವಿ ದೇಶದಲ್ಲಿದೆ. ಕಲಬುರಗಿಯಲ್ಲಿ ನಮ್ಮದೇ ಆದ ಖಾಜಾ ಬಂದಾನವಾಜ್ ವೈದ್ಯಕೀಯ ಕಾಲೇಜಿದೆ. ಇಂಥ ಸಂಸ್ಥೆಗಳು ಆಳಂದದ ತಾಲೂಕು ಆಸ್ಪತ್ರೆಯ ಜೊತೆ ಸೇರಿ ಒಂದು ವರ್ಷದ ಯೋಜನೆಯನ್ನು ರೂಪಿಸಲಾಗದೇ?

ಮೊದಲ ತಿಂಗಳು ಎಣಿಕೆ ನಡೆಯಲಿ: ಚೀಟಿಯಲ್ಲಾದ ತಪ್ಪೆಷ್ಟು, ವಿತರಣೆಯಲ್ಲಾದುದೆಷ್ಟು, ಚುಚ್ಚುಮದ್ದಿನಲ್ಲಾದುದೆಷ್ಟು? ಎಣಿಸದ ತಪ್ಪನ್ನು ತಿದ್ದಲಾಗದು. ತಪ್ಪನ್ನು ತಾನೇ ಒಪ್ಪಿಕೊಂಡು ಬರೆದ ದಾದಿಗೆ ಶಿಕ್ಷೆಯಿಲ್ಲವೆಂಬ ಲಿಖಿತ ಭರವಸೆಯಿರಲಿ. ಇಲ್ಲದಿದ್ದರೆ ಎಲ್ಲರೂ ಮುಚ್ಚಿಡುತ್ತಾರೆ, ಮುಂದಿನ ರೋಗಿ ಬಲಿಯಾಗುತ್ತಾನೆ. ಸಾಂದ್ರ ಪೊಟ್ಯಾಸಿಯಂ ಕ್ಲೋರೈಡ್ ವಾರ್ಡಿನ ಕಪಾಟಿನಲ್ಲಿರದಿರಲಿ. ಇನ್ಸುಲಿನ್ ಕೊಡುವ ಮುನ್ನ ಇಬ್ಬರು ಪರಿಶೀಲಿಸಲಿ. ದಾಖಲಾಗುವಾಗಲೂ ಬಿಡುಗಡೆಯಾಗುವಾಗಲೂ ರೋಗಿಯ ಎಲ್ಲ ಔಷಧಗಳನ್ನು ಒಂದೇ ಪಟ್ಟಿಯಲ್ಲಿ ಬರೆದು, ಕನ್ನಡ ಮತ್ತು ಉರ್ದುವಿನಲ್ಲಿ ವಿವರಿಸಲಿ. ವರ್ಷದ ಕೊನೆಗೆ ಮತ್ತೆ ಎಣಿಸಿ, ಫಲಿತಾಂಶವನ್ನು ಜನರ ಮುಂದಿಡಲಿ.

ಜಮಾಅತ್‌ಗಳಿಗೂ ಕೆಲಸವಿದೆ. ರಮಝಾನಿಗೆ ಮುಂಚಿನ ಜುಮಾದಲ್ಲಿ ಖತೀಬರು ಒಂದು ಮಾತು ಹೇಳಲಿ: ಮಧುಮೇಹಿಗಳು ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿ ಹೋಗಿ, ಸಹರಿ ಮತ್ತು ಇಫ್ತಾರಿನ ಪ್ರಮಾಣ ಕೇಳಿಕೊಳ್ಳಲಿ. ಹಗಲಿನ ಮಾತ್ರೆಯನ್ನು ಸ್ವಂತ ತೀರ್ಮಾನದಿಂದ ಸಹರಿಗೆ ಬದಲಾಯಿಸಿ ಪ್ರಜ್ಞೆ ತಪ್ಪುವುದು ಆರಾಧನೆಯಲ್ಲ.

ಜೀವವು ಅಲ್ಲಾಹನು ವಹಿಸಿಕೊಟ್ಟ ಅಮಾನತು. ಒಂದು ಜೀವವನ್ನು ಉಳಿಸಿದವನು ಇಡೀ ಮಾನವ ಕುಲವನ್ನೇ ಉಳಿಸಿದಂತೆ ಎಂದು ಕಲಿಸುವ ಗ್ರಂಥವನ್ನು ನಾವು ರೇಶ್ಮೆಯಲ್ಲಿ ಸುತ್ತಿಟ್ಟಿದ್ದೇವೆ. ಅದನ್ನು ಆಸ್ಪತ್ರೆಯ ಔಷಧ ಕಿಟಕಿಯವರೆಗೆ ಕೊಂಡೊಯ್ಯುವವರು ಯಾರು? ಸಮುದಾಯದ ನಾಯಕರು ಉತ್ತರಿಸಲಿ.