ನೋಡದೆ ಹಾಕಿದ ಸಹಿ

ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಊಟಕ್ಕೆ ಕುಳಿತರೆ ಮಾತು ಊರಿನ ಲಂಚದ ಕಡೆಗೆ ತಿರುಗದೆ ಇರುವುದಿಲ್ಲ. ಖಾತೆ ಬದಲಾವಣೆಗೆ ಎಷ್ಟು ಕೊಟ್ಟೆವು, ಕರೆಂಟು ಕನೆಕ್ಷನ್ನಿಗೆ ಎಷ್ಟು ಕೊಟ್ಟೆವು ಎಂಬ ಲೆಕ್ಕವೆಲ್ಲ ಮುಗಿದ ಮೇಲೆ ಯಾರಾದರೂ ಒಬ್ಬರು, "ಮಿಲಿಟರಿಯಲ್ಲಿ ಮಾತ್ರ ಇದೆಲ್ಲ ನಡೆಯಲ್ಲ ನೋಡಿ, ಅಲ್ಲಿನ ಟ್ರೈನಿಂಗೇ ಹಾಗೆ" ಎನ್ನುತ್ತಾರೆ. ಪಂಕ್ತಿಯಲ್ಲಿ ಕೊಡಗಿನವರಿದ್ದರೆ ಬೀಗುತ್ತಾರೆ. ಬೀಗುವ ಹಕ್ಕು ಅವರಿಗಿದೆ. ಆದರೆ ಬೆಳಗಿನ ಕವಾಯತು, ಪ್ರತಿಜ್ಞೆ, ಶಿಸ್ತು ಇಷ್ಟರಿಂದಲೇ ಮನುಷ್ಯ ಪ್ರಾಮಾಣಿಕನಾಗುತ್ತಾನೆಯೇ? ನಮಗೆ ಅನುಮಾನವಿದೆ. ಅನುಮಾನ ಹುಟ್ಟಿಸಿದ್ದು ಐರ್ಲೆಂಡಿನ ಸುದ್ದಿ.

ಐರ್ಲೆಂಡ್ ನಮಗೆ ಪರಕೀಯ ಹೆಸರೇನಲ್ಲ. ನಮ್ಮ ಜೊತೆ ಇಲ್ಲಿ ರಾತ್ರಿ ಡ್ಯೂಟಿ ಮಾಡಿದ ನರ್ಸ್ ಅಕ್ಕಂದಿರು ಕೆಲವರು ಪರೀಕ್ಷೆ ಬರೆದು ಆ ಕಡೆ ಹೋಗಿ ನೆಲೆಸಿದ್ದಾರೆ. ಆ ದೇಶದ ಸೇನೆ ಚಿಕ್ಕದು, ಹೆಸರು ದೊಡ್ಡದು. 1958ರಿಂದ ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಹೋಗುತ್ತಿರುವವರು ಅವರು. 1978ರಿಂದ ದಕ್ಷಿಣ ಲೆಬನಾನಿನಲ್ಲಿ ಕಾವಲು ಕಾದವರು. ಸೈಪ್ರಸ್‌ನಲ್ಲಿ 1964–65ರಲ್ಲಿ ವಿಶ್ವಸಂಸ್ಥೆಯ ಪಡೆಗೆ ದಂಡನಾಯಕರಾಗಿದ್ದ ನಮ್ಮ ಜನರಲ್ ತಿಮ್ಮಯ್ಯನವರ ಕೈಕೆಳಗೂ ಐರಿಷ್ ಸೈನಿಕರಿದ್ದರು.

ಅವರ ಸೇನಾ ಕಾಲೇಜು ಇರುವುದು ಕಿಲ್ಡೇರಿನ ಕರಾ ಎಂಬ ಬಯಲಿನಲ್ಲಿ. ಆ ಸೇನೆ ತನ್ನ ಮೌಲ್ಯಗಳೆಂದು ಹೇಳಿಕೊಳ್ಳುವುದು ಆರು: ಗೌರವ, ನಿಷ್ಠೆ, ನಿಸ್ವಾರ್ಥ, ದೈಹಿಕ ಧೈರ್ಯ, ನೈತಿಕ ಧೈರ್ಯ, ಪ್ರಾಮಾಣಿಕತೆ. ಎರಡು ಧೈರ್ಯಗಳನ್ನು ಬೇರೆ ಬೇರೆ ಬರೆದಿರುವುದು ನಮಗೆ ಬಹಳ ಹಿಡಿಸಿತು. ಗುಂಡಿಗೆ ಎದೆಯೊಡ್ಡುವವನಿಗೂ ಮೇಲಧಿಕಾರಿಯ ಎದುರು ನಿಂತು "ಇದು ಸರಿಯಲ್ಲ ಸರ್" ಎನ್ನಲು ನಾಲಿಗೆ ಏಳುವುದಿಲ್ಲ.

ಆ ನಾಲಿಗೆ ಎದ್ದ ಒಬ್ಬರ ಕಥೆ ಕೇಳಿ. ಟಾಮ್ ಕ್ಲೋನನ್ ಎಂಬ ಕ್ಯಾಪ್ಟನ್ ಸೇನೆಯ ಅನುಮತಿ ಪಡೆದೇ ಮಹಿಳಾ ಸೈನಿಕರ ಬಗ್ಗೆ ಪಿಎಚ್.ಡಿ. ಸಂಶೋಧನೆ ಮಾಡಿದರು. ಕಿರುಕುಳ, ಲೈಂಗಿಕ ಹಲ್ಲೆಗಳ ವಿಷಯ ಅದರಲ್ಲಿ ದಾಖಲಾಯಿತು. ಅವರು ನಿವೃತ್ತರಾದ ಮೇಲೆ, 2001ರಲ್ಲಿ, ಅದು ಪತ್ರಿಕೆಗಳಿಗೆ ಬಂತು. ಆಗ ಸಂಶೋಧನೆಯನ್ನೇ ಸುಳ್ಳೆನ್ನುವ ಮಾತುಗಳು ಹೊರಟವು; ಹಳೆಯ ಒಡನಾಡಿಗಳು ಮುಖ ತಿರುಗಿಸಿದರು. 2003ರ ಪರಿಶೀಲನಾ ವರದಿ ಅವರು ಬರೆದದ್ದೇ ನಿಜವೆಂದಿತು. ಅಲ್ಲಿಗೆ ಸರಿಹೋಯಿತೇ? ಇಲ್ಲ. 2021ರಲ್ಲಿ 'ವಿಮೆನ್ ಆಫ್ ಆನರ್' ಎಂಬ ಮಾಜಿ ಮಹಿಳಾ ಸೈನಿಕರ ಗುಂಪು ರೇಡಿಯೋದಲ್ಲಿ ಮಾತನಾಡಿದಾಗ ಅದೇ ಹಳೆಯ ಸಂಗತಿಗಳು ಹೊರಬಂದವು. 2023ರ ಮಾರ್ಚ್‌ನಲ್ಲಿ ಸ್ವತಂತ್ರ ಪರಿಶೀಲನಾ ಸಮಿತಿ, ಸೇನೆ ಮಹಿಳೆಯರನ್ನು ಹೇಗೋ ಸಹಿಸಿಕೊಂಡಿದೆ ಅಷ್ಟೇ, ದೂರು ಕೊಟ್ಟರೆ ಸೇಡು ತೀರಿಸಿಕೊಳ್ಳುತ್ತಾರೆಂಬ ಭಯವಿದೆ ಎಂದಿತು. 2024ರಲ್ಲಿ, ದೂರುಗಳನ್ನು ಹೇಗೆ ನಡೆಸಿಕೊಳ್ಳಲಾಯಿತು ಎಂಬುದನ್ನೇ ವಿಚಾರಿಸಲು ನ್ಯಾಯಮಂಡಳಿ ಕುಳಿತಿತು. ಮೊದಲ ಮಾತಿನಿಂದ ಇಲ್ಲಿಗೆ ಇಪ್ಪತ್ತು ವರ್ಷದ ಮೇಲಾಯಿತು!

ಇದರಲ್ಲಿ ಲಂಚ ಎಲ್ಲಿದೆ ಎಂದು ಕೇಳಬಹುದು. ನಮ್ಮ 'ಭ್ರಷ್ಟಾಚಾರ' ಎಂಬ ಪದದಲ್ಲಿ ದುಡ್ಡಿನ ಸುದ್ದಿಯೇ ಇಲ್ಲ. ಜಾರಿ ಬಿದ್ದ ನಡತೆ ಅಂತ ಅದರ ಅರ್ಥ. ಕೊಟ್ಟ ಅಧಿಕಾರವನ್ನು ಕೈಕೆಳಗಿನವರ ಮೇಲೆ ತಮಗೆ ಬೇಕಾದಂತೆ ಬಳಸುವುದು, ಅದನ್ನು ಕಂಡವರು 'ಪಡೆಯ ಮರ್ಯಾದೆ' ಎಂದು ಬಾಯಿ ಮುಚ್ಚಿಕೊಳ್ಳುವುದು ಎರಡೂ ಅದೇ. ಆರು ಮೌಲ್ಯಗಳಲ್ಲಿ 'ನಿಷ್ಠೆ' ಒಂದೇ ಉಳಿದ ಐದನ್ನು ನುಂಗಿದರೆ ಹೀಗಾಗುತ್ತದೆ.

ನಮ್ಮ ಕೆಲಸದಲ್ಲೂ ಇದನ್ನು ಕಂಡಿದ್ದೇವೆ. ಹತ್ತು ಮಿಲಿಗ್ರಾಂ ಮಾರ್ಫಿನ್ ಆಂಪೂಲಿನಲ್ಲಿ ರೋಗಿಗೆ ನಾಲ್ಕು ಕೊಟ್ಟರೆ ಉಳಿದ ಆರನ್ನು ಇನ್ನೊಬ್ಬರ ಕಣ್ಣೆದುರು ಚೆಲ್ಲಬೇಕು, ರಿಜಿಸ್ಟರಿನಲ್ಲಿ ಇಬ್ಬರೂ ಸಹಿ ಮಾಡಬೇಕು. ಡಿಪ್ಲೊಮಾ ಓದುವಾಗಲೇ ಇದನ್ನು ಬಾಯಿಪಾಠ ಮಾಡಿದ್ದೆವು. ಆದರೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಾತ್ರಿ ಹಿರಿಯರೊಬ್ಬರು ರಿಜಿಸ್ಟರ್ ಮುಂದಿಟ್ಟು "ಸಹಿ ಹಾಕಿ, ಆಗಲೇ ಚೆಲ್ಲಿ ಆಯ್ತು" ಎಂದಾಗ ಹಾಕಿಬಿಟ್ಟೆವು. ಚೆಲ್ಲಿದ್ದನ್ನು ನೋಡಿರಲಿಲ್ಲ. ಅವರು ಕದ್ದರೆಂದು ಹೇಳುತ್ತಿಲ್ಲ, ಬಹುಶಃ ಚೆಲ್ಲಿಯೇ ಇದ್ದರು. ನಿಯಮ ಗೊತ್ತಿತ್ತು, ಇಲ್ಲವೆನ್ನುವ ಅಭ್ಯಾಸ ಇರಲಿಲ್ಲ. ವೀಸಾ, ಊರಿನ ಸಾಲ, ಹಿರಿಯರ ಮುಖ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಗಲ್ಫಿನಲ್ಲಿ ದುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಸೇನೆಯ ತರಬೇತಿಯಲ್ಲಿ ಪ್ರಾಮಾಣಿಕತೆಯ ಬಗ್ಗೆ ಭಾಷಣ ಎಷ್ಟು ಗಂಟೆ ಎಂಬುದು ನಮಗೆ ಮುಖ್ಯವಲ್ಲ. ಬಂದೂಕು ಬಿಚ್ಚಿ ಜೋಡಿಸುವುದನ್ನು ಕಣ್ಣು ಕಟ್ಟಿಕೊಂಡು ನೂರು ಸಲ ಮಾಡಿಸುತ್ತಾರಲ್ಲ, ಹಾಗೆಯೇ ತಪ್ಪು ಆಜ್ಞೆಗೆ "ಆಗುವುದಿಲ್ಲ ಸರ್" ಎನ್ನುವುದನ್ನೂ ಮಾಡಿಸಬೇಕು. ಹಾಗೆಂದವನನ್ನು ಮಾರನೆಯ ದಿನ ಮೂಲೆಗೆ ತಳ್ಳಿದರೆ ಅಷ್ಟೂ ಅಭ್ಯಾಸ ವ್ಯರ್ಥ. ಅದನ್ನು ಕಂಡ ಉಳಿದ ಕ್ಯಾಡೆಟ್‌ಗಳು ನಿಜವಾದ ಪಾಠವನ್ನು ಅಂದೇ ಕಲಿಯುತ್ತಾರೆ. ದೂರು ಕೇಳುವ ಬಾಗಿಲು ಅದೇ ಅಧಿಕಾರಿಯ ಕೋಣೆಯಲ್ಲಿರಬಾರದು. ಐರ್ಲೆಂಡಿನಲ್ಲಿ ಸೇನೆಯ ಹೊರಗೆ ಒಬ್ಬ ಒಂಬುಡ್ಸ್‌ಮನ್ 2005ರಿಂದ ಇದ್ದಾರೆ. ಆದರೂ ಭಯ ಹೋಗಿರಲಿಲ್ಲ ಎಂದರೆ, ಬಾಗಿಲಿದ್ದರೆ ಸಾಲದು, ಹೋದವರು ನೆಮ್ಮದಿಯಾಗಿ ಹಿಂದಿರುಗಿದ್ದನ್ನು ನಾಲ್ಕು ಜನ ಕಂಡಿರಬೇಕು.

ನಮ್ಮ ಸ್ನೇಹಿತರೊಬ್ಬರ ಮಗ ಕೂಡಿಗೆಯ ಸೈನಿಕ ಶಾಲೆಗೆ ಪರೀಕ್ಷೆ ಕಟ್ಟಿದ್ದಾನೆ. ಶಾಲೆಯ ಬಗ್ಗೆ ಏನೇನು ವಿಚಾರಿಸಬೇಕೆಂದು ಅವರು ಮೊನ್ನೆ ಫೋನಿನಲ್ಲಿ ಕೇಳಿದರು. ಹಾಸ್ಟೆಲ್, ಊಟ, ಇಂಗ್ಲಿಷ್ ಎಲ್ಲ ಕೇಳಿ. ಜೊತೆಗೆ, ದೊಡ್ಡ ಹುಡುಗರ ಮೇಲೆ ಕಳೆದ ವರ್ಷ ದೂರು ಕೊಟ್ಟ ಚಿಕ್ಕವನಿದ್ದರೆ, ಅವನು ಈಗಲೂ ಅಲ್ಲೇ ಓದುತ್ತಿದ್ದಾನೆಯೇ ಎಂದೂ ಕೇಳಿ ಎಂದೆವು.