ಹತ್ತು ವರ್ಷ ಆಡಿದ್ದು ಅನುಭವ ಅಲ್ಲವೇ?

ಖಾನಾಪುರ ತಾಲೂಕಿನ ಕಬಡ್ಡಿ ಆಟಗಾರನೊಬ್ಬ ಮೊನ್ನೆ ಬೆಳಗಾವಿ ಬಸ್ ನಿಲ್ದಾಣದಲ್ಲಿ ನಮಗೆ ಸಿಕ್ಕ. 'ಎಂಬಿಎ ಮಾಡಬೇಕಂತೀನಿ ಸರ್, ಈ ಅರ್ಜಿ ಸ್ವಲ್ಪ ನೋಡ್ರಿ' ಅಂದ. ಹತ್ತು ವರ್ಷ ದುಡ್ಡಿಗಾಗಿ ಆಡಿದವನು, ಮೊಣಕಾಲು ಕೈಕೊಟ್ಟ ಮೇಲೆ ಮನೆಯಲ್ಲಿದ್ದಾನೆ. ಅರ್ಜಿಯ 'ಕೆಲಸದ ಅನುಭವ' ಕಾಲಂನಲ್ಲಿ ತಾನೇ ಸೊನ್ನೆ ಬರೆದುಕೊಂಡಿದ್ದ.

ಆ ಸೊನ್ನೆಗೆ ನಮ್ಮ ತಕರಾರಿದೆ.

ಈತ ತಂಡ ಕಟ್ಟಿದ್ದಾನೆ. ಜಾತ್ರೆಯ ಪಂದ್ಯಾವಳಿಗೆ ಅಂಗಡಿ ಅಂಗಡಿ ಅಲೆದು ಪ್ರಾಯೋಜಕರನ್ನು ಹಿಡಿದಿದ್ದಾನೆ. ಹನ್ನೆರಡು ಜನರ ಊಟ, ಬಸ್ ಚಾರ್ಜು, ಜೆರ್ಸಿಯ ಲೆಕ್ಕ ಇಟ್ಟಿದ್ದಾನೆ. ಸೋತ ರಾತ್ರಿ ಹುಡುಗರು ಒಡೆದು ಹೋಗದಂತೆ ನೋಡಿಕೊಂಡಿದ್ದಾನೆ. ಎಂಬಿಎ ತರಗತಿಯಲ್ಲಿ ಇದಕ್ಕೆ ದೊಡ್ಡ ದೊಡ್ಡ ಹೆಸರಿವೆ, ಅಷ್ಟೇ.

ಹೊರಗೆ ಇದು ಹೊಸದಲ್ಲ. ಜರ್ಮನಿಯ ಗೋಲ್‌ಕೀಪರ್ ಆಲಿವರ್ ಕಾನ್ 2008ರಲ್ಲಿ ನಿವೃತ್ತರಾಗಿ, 2012ರಲ್ಲಿ ಎಂಬಿಎ ಮುಗಿಸಿ, 2021ರಲ್ಲಿ ತಾವು ಆಡಿದ್ದ ಬಾಯರ್ನ್ ಮ್ಯೂನಿಕ್ ಕ್ಲಬ್ಬಿನ ಸಿಇಒ ಆದರು. ನಮ್ಮ ರಾಹುಲ್ ದ್ರಾವಿಡ್ ಭಾರತ ತಂಡಕ್ಕೆ ಆಯ್ಕೆಯಾದಾಗ ಬೆಂಗಳೂರಿನಲ್ಲಿ ಎಂಬಿಎ ಓದುತ್ತಿದ್ದರು.

ಆದರೆ ಅರ್ಜಿಯ ಮುಂದಿನ ಕಾಲಂ ನೋಡಿ ನಮ್ಮ ಮಾತು ನಿಂತಿತು. ಬಿಎ, ಶೇ 48. ಐಐಎಂಗಳ ಕ್ಯಾಟ್ ಇರಲಿ, ನಮ್ಮ ಪಿಜಿಸಿಇಟಿ ಇರಲಿ, ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇ 50 ಬೇಕೇ ಬೇಕು. 'ಕ್ಯಾಂಪ್‌ನಿಂದ ಬಂದು ನೇರ ಪರೀಕ್ಷೆಗೆ ಕೂತಿದ್ದೆ ಸರ್' ಅಂದ. ಎರಡು ಅಂಕದ ಆ ಕೊರತೆ ಆಟಕ್ಕೆ ಕೊಟ್ಟ ಬೆಲೆ.

ಐಐಟಿ ಮದ್ರಾಸ್ 2024-25ರಿಂದ ಬಿಟೆಕ್‌ನಲ್ಲಿ ಕ್ರೀಡಾಪಟುಗಳಿಗೆಂದೇ ಹೆಚ್ಚುವರಿ ಸೀಟು ಇಟ್ಟಿದೆ. ವಿಟಿಯು, ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಎರಡರ ಕೇಂದ್ರವೂ ಬೆಳಗಾವಿಯಲ್ಲೇ ಇದೆ. ರಾಜ್ಯ ಮಟ್ಟದಲ್ಲಿ ಆಡಿದವರ ವರ್ಷಗಳನ್ನು ಅನುಭವವೆಂದು ಎಣಿಸುವ ಮಾತನ್ನು ಇಲ್ಲಿಂದಲೇ ಶುರು ಮಾಡಬಹುದು. ಕ್ಯಾಂಪ್‌ನಲ್ಲಿರುವ ಪದವಿ ವಿದ್ಯಾರ್ಥಿಗೆ ಬೇರೆ ದಿನ ಪರೀಕ್ಷೆ ಇಡುವುದಂತೂ ತೀರಾ ಸಣ್ಣ ಕೆಲಸ.

ತಪ್ಪು ನಮ್ಮದೂ ಇದೆ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಹಾಕಿ ತಂಡದ ಬಂಡು ಪಾಟೀಲ, 2018ರ ಏಷ್ಯನ್ ಗೇಮ್ಸ್‌ನ ಕುರಾಶ್‌ನಲ್ಲಿ ಕಂಚು ತಂದ ತುರಮುರಿಯ ಮಲಪ್ರಭಾ ಜಾಧವ ಎಂದು ನಾವು ವರದಿಗಾರರು ಹೆಮ್ಮೆಯಿಂದ ಹೆಸರು ಹೇಳುತ್ತೇವೆ. ಪದಕ ಬಂದ ದಿನ ಮೂರು ಕಾಲಂ ಸುದ್ದಿ. ಆಟ ಬಿಟ್ಟವರು ಏನು ಮಾಡುತ್ತಿದ್ದಾರೆ ಎಂದು ಒಂದು ಸಾಲೂ ಬರೆಯುವುದಿಲ್ಲ.

ಈಗ ಆಡುತ್ತಿರುವ ತಮ್ಮ ತಂಗಿಯರಿಗೆ ಒಂದೇ ಮಾತು: ಪದವಿಯನ್ನು ಕೈಬಿಡಬೇಡಿ, ಅಂಕವನ್ನೂ ಸಸಾರ ಮಾಡಬೇಡಿ. ಕಾಲೇಜಿಗೆ ಹೋಗಲಾಗದಿದ್ದರೆ ಮುಕ್ತ ವಿಶ್ವವಿದ್ಯಾಲಯ ಇದೆ.

ಆತನಿಗೂ ಅದನ್ನೇ ಹೇಳಿದೆವು, ಅಲ್ಲಿ ಬಿಕಾಂ ಮಾಡಲು. 'ಮತ್ತ ಮೂರು ವರ್ಷ ಏನ್ರಿ?' ಎಂದು ನಕ್ಕು ಖಾನಾಪುರ ಬಸ್ ಹತ್ತಿದ. ಸೊನ್ನೆಯನ್ನು ಮಾತ್ರ ನಾವು ಹೊಡೆದು ಹಾಕಿಸಿ, 'ಕಬಡ್ಡಿ, 10 ವರ್ಷ' ಎಂದು ಬರೆಸಿಯೇ ಕಳಿಸಿದೆವು.